ಯಂತ್ರವೈದ್ಯವು ವಾಙ್ಮಯವಲ್ಲವೆ?

ಯಂತ್ರಗಳ ದುರಸ್ತಿಯನ್ನು ಕುರಿತ ಲೇಖನಗಳಿಗೂ ಈ ಪತ್ರಿಕೆಯಲ್ಲಿ ಸ್ಥಳವಿರಬೇಕೆಂದು ಯಾರಾದರೂ ಸೂಚಿಸಿದೊಡನೆ ನಮ್ಮ ಸಂಘದ ಸದಸ್ಯರಲ್ಲಿ ಕೆಲವರ ಹುಬ್ಬು ಮೇಲಕ್ಕೇರುತ್ತದೆ. "ಇದು ಸಾಹಿತ್ಯಪತ್ರಿಕೆ; ಕಬ್ಬಿಣದಂಗಡಿಯ ಪಟ್ಟಿಯಲ್ಲ" ಎಂದು ಅವರು ಹೇಳುವರು. ಹೀಗೆ ಹೇಳುವವರು ವಿದ್ವಾಂಸರು, ಸಜ್ಜನರು, ನನಗೆ ಮಾನ್ಯರು. ಆದರೂ ಅವರ ಮಾತು ಸರಿಯಲ್ಲವೆಂದೂ, ಅದರಿಂದ ಕನ್ನಡಕ್ಕೂ ಕನ್ನಡಿಗರ ಪ್ರಾಣಕ್ಕೂ ಹಾನಿಯುಂಟಾಗುತ್ತಿದೆಯೆಂದೂ ತೋರಿಸುವುದೇ ಈ ಲೇಖನದ ಉದ್ದೇಶ. ಪ್ರಾಣಕ್ಕೂ ಎಂದುದನ್ನು ವಾಚಕರು ಅತಿಶಯೋಕ್ತಿಯೆಂದು ತಿಳಿಯಬಾರದು. ಕಾರಣವನ್ನು ಮುಂದೆ ನಿವೇದಿಸುವೆನು.

ಮಾತು ಬರಿಯ ತರ್ಕದಲ್ಲಿ ತೇಲಿಹೋಗದಿರಲೆಂದು ಒಂದೇ ವಸ್ತುವನ್ನು ಆರಿಸಿಕೊಂಡಿದ್ದೇನೆ. ಕೆರೆಯ ಹೂಳೆತ್ತುವಲ್ಲಿ, ಗುಡ್ಡವನ್ನು ಕಡಿದು ತೋಟಮಾಡುವಲ್ಲಿ, ಉಕ್ಕಿನ ಪಟ್ಟಿಗಳ ಸರಪಳಿಯ ಮೇಲೆ ತೆವಳುತ್ತ ಹೋಗುವ ಭಾರಿ ಟ್ರ್ಯಾಕ್ಟರನ್ನು ಎಲ್ಲರೂ ನೋಡಿರಬಹುದು. ಮುಂದೆ ಅಲಗು ಕಟ್ಟಿದರೆ ಜನರು ಅದನ್ನು ಡೋಜರ್ ಎನ್ನುವರು. ಇದರ ಹುಟ್ಟು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಪಟ್ಟಣದ ಬೆಂಜಮಿನ್ ಹೋಲ್ಟ್ ಎಂಬವನು, ನದೀಮುಖದ ಮೆತ್ತನೆಯ ನೆಲದಲ್ಲಿ ಉಗಿಯ ಟ್ರ್ಯಾಕ್ಟರುಗಳ ಗಾಲಿಗಳು ಹೂತುಹೋಗುವುದನ್ನು ಕಂಡು, 1904ರಲ್ಲಿ ಗಾಲಿಗಳ ಬದಲು ಸರಪಳಿಯ ಹಾಸನ್ನು ಜೋಡಿಸಿದನು. ತೆವಳುವ ರೀತಿಯಿಂದ ಅದಕ್ಕೆ ಕಂಬಳಿಹುಳುವಿನ ಹೆಸರು ಬಿದ್ದಿತು; ಇಂಗ್ಲಿಷಿನ ಕ್ಯಾಟರ್‌ಪಿಲ್ಲರ್ ಎಂದರೆ ಅದೇ. 1925ರಲ್ಲಿ ಹೋಲ್ಟನ ಸಂಸ್ಥೆಯೂ ಬೆಸ್ಟನ ಸಂಸ್ಥೆಯೂ ಕೂಡಿ ಆ ಹೆಸರಿನ ಕಂಪನಿಯಾಯಿತು. 1931ರಲ್ಲಿ ಅದರ ಡೀಸೆಲ್ ಟ್ರ್ಯಾಕ್ಟರು ಹೊರಬಿದ್ದಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಸೈನ್ಯವು ಇಲ್ಲಿ ಬಿಟ್ಟುಹೋದ ಇಂಥ ಯಂತ್ರಗಳಿಂದಲೇ ಭಾರತ ಸರ್ಕಾರದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಮಧ್ಯಭಾರತದಲ್ಲಿ ಕಾಶದ ಹುಲ್ಲು ಹಬ್ಬಿದ ನೆಲಗಳನ್ನು ಆಳವಾಗಿ ಉಳುವ ಕಾರ್ಯವನ್ನು ಆರಂಭಿಸಿತು. 1949ರಲ್ಲಿ ಹೊಸ ಯಂತ್ರಗಳಿಗಾಗಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲವೂ ಬಂದಿತು. ಶರದೃತುವಿನ ವರ್ಣನೆಯಲ್ಲಿ ಬೆಳ್ಳಗೆ ತೂಗುವ ಕಾಶಪುಷ್ಪವನ್ನು ಮರೆತ ಸಂಸ್ಕೃತಕವಿ ಅಪೂರ್ವ. ಆ ಹೂವಿನ ಬೇರು ಪಾತಾಳಕ್ಕಿಳಿದು ಹೊಲವನ್ನೇ ನುಂಗುತ್ತದೆಂಬುದನ್ನು ಬಲ್ಲವನು ಉಳುವವನು ಮಾತ್ರ. ನಮ್ಮ ನಾಡಿನಲ್ಲಿಯೇ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಡೋಜರುಗಳನ್ನು ತಯಾರಿಸುತ್ತ ಬಂದಿದೆ. ಆದುದರಿಂದ ಈ ವಸ್ತುವು ನಮಗೆ ಪರಕೀಯವೆಂದು ಯಾರೂ ಹೇಳಲಾಗದು.

ಈ ಟ್ರ್ಯಾಕ್ಟರಿನ ಎಂಜಿನಿನಲ್ಲಿ ಗವರ್ನರು ಎಂಬ ಒಂದು ಅಂಗವುಂಟು. ಗಾತ್ರದಲ್ಲಿ ತೆಂಗಿನಕಾಯಿಗಿಂತ ಬಹಳ ದೊಡ್ಡದಲ್ಲ. ಎಂಜಿನಿನ ಮರ್ಯಾದೆಯೆಲ್ಲ ಅದರ ಕೈಯಲ್ಲಿದೆ. ಪೆಟ್ರೋಲ್ ಎಂಜಿನಿನಲ್ಲಿ ಒಳಗೆ ಹೋಗುವ ಗಾಳಿಗೇ ಒಂದು ಅಡ್ಡಬಾಗಿಲಿರುವುದು. ಡೀಸೆಲ್ ಎಂಜಿನಿಗೆ ಸಾಧಾರಣವಾಗಿ ಆ ಬಾಗಿಲಿಲ್ಲ. ಗಾಳಿ ಬೇಕಾದಷ್ಟು ಬರುತ್ತದೆ, ಎಣ್ಣೆಯನ್ನು ಎಷ್ಟು ಕೊಟ್ಟರೆ ಅಷ್ಟು ಓಟ. ಭಾರವಿಲ್ಲದಾಗ ಎಣ್ಣೆ ಸ್ವಲ್ಪ ಹೆಚ್ಚಾದರೂ ಅದು ತನ್ನ ಮಿತಿಯನ್ನು ತಾನು ಅರಿಯದು. ಆದುದರಿಂದ ಕ್ಷಣಕ್ಷಣಕ್ಕೂ ಎಣ್ಣೆಯನ್ನು ಅಳೆದು ಕೊಡುವವನೊಬ್ಬನು ಬೇಕು. ಎಂಜಿನಿನೊಡನೆಯೇ ತಿರುಗುವ ಎರಡು ಗುಂಡುಗಳು ವೇಗ ಹೆಚ್ಚಿದಂತೆಲ್ಲ ಹೊರಕ್ಕೆ ಚಾಚುವುವು. ಒಂದು ಸ್ಪ್ರಿಂಗು ಅವನ್ನು ಒಳಕ್ಕೆ ಒತ್ತುವುದು. ಈ ಎರಡರ ಜಗ್ಗಾಟವು ರ‍್ಯಾಕು ಎಂಬ ಹಲ್ಲುಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತದೆ. ರ‍್ಯಾಕು ಎಣ್ಣೆಯ ಪಂಪುಗಳನ್ನು ತಿರುಗಿಸಿ, ನಾಜಲುಗಳಿಗೆ ಹೋಗುವ ಎಣ್ಣೆಯನ್ನು ಹೆಚ್ಚುಕಡಿಮೆ ಮಾಡುತ್ತದೆ. ಅಲಗಿಗೆ ಬಂಡೆ ಸಿಕ್ಕಿ ಎಂಜಿನು ಕುಗ್ಗಿದರೆ ಗುಂಡುಗಳು ಒಳಕ್ಕೆ ಬರುವುವು, ಸ್ಪ್ರಿಂಗು ಗೆಲ್ಲುವುದು, ಎಣ್ಣೆ ಹೆಚ್ಚುವುದು. ಬಂಡೆ ಜಾರಿಹೋಗಿ ಎಂಜಿನು ಹಗುರಾದರೆ ಗುಂಡುಗಳು ಗೆಲ್ಲುವುವು, ಎಣ್ಣೆ ಕಡಿಮೆಯಾಗುವುದು. ಚಾಲಕನು ಕೈಪಿಡಿಯನ್ನು ಎಳೆದಾಗ ತಾನೇ ಎಣ್ಣೆ ಕೊಡುತ್ತಿರುವೆನೆಂದು ತಿಳಿಯುವನು. ನಿಜವಾಗಿ ಅವನು ಸ್ಪ್ರಿಂಗಿನ ಬಿಗಿಯನ್ನು ಮಾತ್ರ ಬದಲಿಸುವನು. ಉಳಿದುದನ್ನು ಗವರ್ನರು ನೋಡಿಕೊಳ್ಳುವುದು.

ಇದನ್ನು ಬರೆಯುವಾಗ ನನ್ನಂಥ ಪಾಠಶಾಲೆಯ ವಿದ್ಯಾರ್ಥಿಗೆ ಒಂದು ಸಂತೋಷವುಂಟಾಗದಿರದು. ಯಂತ್ರವೆಂಬ ಶಬ್ದವನ್ನು ಯಮ್ ಧಾತುವಿನಿಂದ ಸಾಧಿಸಿದರೂ ಸರಿಯೆ, ಯತ್ರಿ ಧಾತುವಿನಿಂದ ಸಾಧಿಸಿದರೂ ಸರಿಯೆ, ಅದರ ಅರ್ಥವು ಹಿಡಿತ, ಬಿಗಿ, ಕಟ್ಟು ಎಂದೇ ಆಗುವುದು. ಓಟವೆಂದಾಗಲಿ ಬಲವೆಂದಾಗಲಿ ಅಲ್ಲ. ಅಮರಕೋಶದಲ್ಲಿ ಸಾರಥಿಯ ಪರ್ಯಾಯಗಳ ನಡುವೆ ನಿಯಂತೃ ಎಂಬುದೂ ಯಂತೃ ಎಂಬುದೂ ಬಂದಿವೆ. ಎಂದರೆ, ತನ್ನನ್ನು ತಾನು ಹಿಡಿಯಲಾರದುದು ಶಬ್ದಾರ್ಥದಿಂದಲೇ ಯಂತ್ರವಲ್ಲ! ಗ್ರೀಕರು ಚುಕ್ಕಾಣಿ ಹಿಡಿಯುವ ಕರ್ಣಧಾರನಿಗೆ ಕುಬೆರ್ನೆಟೆಸ್ ಎನ್ನುತ್ತಿದ್ದರು. ಅದೇ ಲ್ಯಾಟಿನಿನಲ್ಲಿ ಗುಬರ್ನಾಟೊರ್ ಆಗಿ, ಇಂಗ್ಲಿಷಿನಲ್ಲಿ ಗವರ್ನರ್ ಆಯಿತು. ಜೇಮ್ಸ್ ವಾಟನು 1788ರಲ್ಲಿ ಉಗಿಯ ಎಂಜಿನಿಗೆ ಇದನ್ನು ಅಳವಡಿಸಿದನು. ಅದಕ್ಕೂ ಮೊದಲೇ ಗಾಳಿಗಿರಣಿಯವರು ಇದರ ಉಪಯೋಗವನ್ನು ಬಲ್ಲವರಾಗಿದ್ದರು. 1868ರಲ್ಲಿ ಮ್ಯಾಕ್ಸ್‌ವೆಲ್ಲನಂಥ ಮಹಾಪಂಡಿತನು ಗವರ್ನರುಗಳ ವಿಷಯವಾಗಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು. 1948ರಲ್ಲಿ ನಾರ್ಬರ್ಟ್ ವೀನರನು ಸೈಬರ್ನೆಟಿಕ್ಸ್ ಎಂದು ಒಂದು ಹೊಸ ಶಾಸ್ತ್ರಕ್ಕೆ ನಾಮಕರಣ ಮಾಡಿದುದೂ ಆ ಕರ್ಣಧಾರನ ಹೆಸರಿನಿಂದಲೇ. ಮ್ಯಾಕ್ಸ್‌ವೆಲ್ಲನಿಗೆ ಅಗೌರವವೆನಿಸದ ವಿಷಯವು ನಮ್ಮ ಜಿಲ್ಲೆಯ ಸಾಹಿತ್ಯಸಂಘಕ್ಕೆ ಅಗೌರವವೆನಿಸಬೇಕೆ?

ಈಗ ಹಾನಿಯ ಮಾತು. ಕೆಲವು ವರ್ಷಗಳ ಹಿಂದೆ ಒಂದು ಕೆರೆಯ ಹೂಳೆತ್ತುವ ಕೆಲಸದಲ್ಲಿ ಹಳೆಯ ಡೋಜರೊಂದನ್ನು ನಾನು ನೋಡಿದೆನು. ಅದರ ಎಂಜಿನು ನಿಂತಲ್ಲಿಯೇ ಒಮ್ಮೆ ಅರಚುವುದು, ಒಮ್ಮೆ ಕುಸಿಯುವುದು, ಮತ್ತೆ ಅರಚುವುದು. ಆಸ್ತಮೆಯ ರೋಗಿಯ ಉಸಿರಿನಂತೆ. ಗ್ಯಾರೇಜಿನವರು ಇದನ್ನು ಹಂಟಿಂಗ್ ಎನ್ನುವರು. ಅಲ್ಲಿನ ಮೇಸ್ತ್ರಿಯು ಕಂಡುಕೊಂಡ ಪರಿಹಾರವೇನೆಂದರೆ, ಗವರ್ನರಿನ ಸನ್ನೆಯನ್ನು ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿ, ಮೇಲುವೇಗವನ್ನು ತಡೆಯುವ ತಿರುಪಿನ ಸೀಲನ್ನು ಒಡೆದು ನಾಲ್ಕು ಸುತ್ತು ತಿರುಗಿಸಿಬಿಟ್ಟದ್ದು. ಉಸಿರಾಟವೇನೋ ಕಡಿಮೆಯಾದಂತೆ ತೋರಿತು. ಆದರೆ ಆ ಯಂತ್ರಕ್ಕೆ ಸಾರಥಿಯಿಲ್ಲವಾಯಿತು. ಏರಿಯ ಕೆಳಗೆ ಹೆಂಗಸರು ಮಣ್ಣು ಹೊರುತ್ತಿದ್ದರು.

ಇದರ ಫಲವೇನಾಗಬಹುದೆಂಬುದಕ್ಕೆ ಒಂದು ಲೆಕ್ಕ ಸಾಕು. ತಿರುಗುವ ವಸ್ತುವು ಹೊರಕ್ಕೆ ಚಿಮ್ಮುವ ಬಲವು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ಡಿ7 ಎಂಬ ಹೆಸರಾಂತ ಹಳೆಯ ಕ್ಯಾಟರ್‌ಪಿಲ್ಲರಿಗೆ ಪೂರ್ಣಭಾರದಲ್ಲಿ ನಿಮಿಷಕ್ಕೆ 1000 ಸುತ್ತು ವಿಹಿತ. ಅದನ್ನು 1200ಕ್ಕೆ ಏರಿಸಿದರೆ ವೇಗವು ನೂರಕ್ಕೆ 20ರಷ್ಟು ಮಾತ್ರ ಹೆಚ್ಚಿತು. ಆದರೆ ಒಳಗಿನ ದಂಡಗಳೂ ಬೋಲ್ಟುಗಳೂ ತಾಳಬೇಕಾದ ಬಲವು ನೂರಕ್ಕೆ 44ರಷ್ಟು ಹೆಚ್ಚಿತು. ಹಿಡಿತವೇ ತಪ್ಪಿ ಓಡಿದರೆ ಲೆಕ್ಕ ಹಾಕಲು ಯಾರೂ ಹತ್ತಿರ ನಿಂತಿರುವುದಿಲ್ಲ. ದಂಡವು ಮುರಿದು ಎಂಜಿನಿನ ಗೋಡೆಯನ್ನು ಭೇದಿಸಿ ಹೊರಬರುವುದು ಕಟ್ಟುಕಥೆಯಲ್ಲ. ಆ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಅವನು ಕನ್ನಡವನ್ನು ಸರಾಗವಾಗಿ ಓದಬಲ್ಲವನು. ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವನು. ಅವನ ಯಂತ್ರದ ಕೈಪುಸ್ತಕವು ಇಂಗ್ಲಿಷಿನಲ್ಲಿದೆ. ಅವನ ಗುರುವಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಅಂಧಪರಂಪರಾನ್ಯಾಯವೆಂದು ನಾವು ಪಾಠದಲ್ಲಿ ಹೇಳುವುದು ಇದನ್ನೇ. ಆದರೆ ಇಲ್ಲಿ ಕಣ್ಣಿದ್ದವರು ನಾವು. ಕೈ ಹಿಡಿದು ನಡೆಸದೆ ದಡದ ಮೇಲೆ ನಿಂತವರೂ ನಾವೇ.

"ಅದನ್ನೆಲ್ಲ ಕನ್ನಡದಲ್ಲಿ ಹೇಳಲಾಗದು" ಎಂಬುದು ಎರಡನೆಯ ಆಕ್ಷೇಪ. ಹೇಳಿ ತೋರಿಸುವುದೇ ಅದಕ್ಕೆ ಉತ್ತರ. ನನ್ನ ಹಳೆಯ ಶಿಷ್ಯನೊಬ್ಬನು ಇಂಥ ಯಂತ್ರಗಳ ಗ್ಯಾರೇಜನ್ನು ಇಟ್ಟಿರುವನು. ಅವನಿಗಾಗಿ ಇಂಗ್ಲಿಷ್ ಕೈಪುಸ್ತಕದ ಗವರ್ನರಿನ ಅಧ್ಯಾಯವನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟೆನು. ಅವನು ಕೈಯಿಂದ ಮಾಡಿ ತೋರಿಸಿದಂತೆ ಅದನ್ನು ತಿದ್ದಿದೆನು. ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಹಂಟಿಂಗ್ ಕಂಡೊಡನೆ ಗವರ್ನರನ್ನು ಬಿಚ್ಚತಕ್ಕದ್ದಲ್ಲ. ಎಣ್ಣೆಯ ಫಿಲ್ಟರು ಕಟ್ಟಿಕೊಂಡಿದ್ದರೂ, ಕೊಳವೆಯಲ್ಲಿ ಗಾಳಿ ಸೇರಿದ್ದರೂ, ಡೀಸೆಲಿನಲ್ಲಿ ನೀರಿದ್ದರೂ, ಒಂದು ನಾಜಲು ಕೆಟ್ಟಿದ್ದರೂ ಲಕ್ಷಣಗಳು ಬಹುಮಟ್ಟಿಗೆ ಅವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗವರ್ನರುಗಳ ಪಾಲಿಗೆ ಈ ಗಾದೆ ದಿನನಿತ್ಯದ ಅನುಭವ. ಇವೆಲ್ಲ ಶುದ್ಧವಾಗಿವೆಯೆಂದು ಖಂಡಿತವಾದ ಮೇಲೆ ಎಂಜಿನನ್ನು ನಿಲ್ಲಿಸಿ, ರ‍್ಯಾಕನ್ನು ಗವರ್ನರಿನ ಹಿಡಿತದಿಂದ ಬಿಡಿಸಿ, ಬೆರಳಿನಿಂದ ಆಡಿಸಿ ನೋಡಬೇಕು. ಅದು ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಜಾರಬೇಕು. ಎಲ್ಲಿಯಾದರೂ ಹಿಡಿದರೆ ದೋಷವು ಗವರ್ನರಿನದಲ್ಲ: ಬಹುಕಾಲ ನಿಂತ ಯಂತ್ರದಲ್ಲಿ ಹಳೆಯ ಡೀಸೆಲು ಅಂಟಾಗಿ, ಅಥವಾ ನೀರಿನಿಂದ ತುಕ್ಕು ಹತ್ತಿ, ಪಂಪುಗಳಲ್ಲಿ ಒಂದು ಬಿಗಿದಿರುವುದು. ಒಂದು ಬಿಗಿದರೆ ಸಾಕು, ರ‍್ಯಾಕೆಲ್ಲ ಕುಂಟುತ್ತದೆ. ಹಂಟಿಂಗಿಗೆ ಮುಖ್ಯ ಕಾರಣವೇ ಈ ತಡೆ. ಗುಂಡುಗಳು ತಳ್ಳಿದಾಗ ರ‍್ಯಾಕು ಕದಲದೆ ನಿಂತು, ತಳ್ಳು ಹೆಚ್ಚಾದೊಡನೆ ಒಮ್ಮೆಲೇ ಹಾರುವುದು. ಅಗತ್ಯಕ್ಕಿಂತ ಹೆಚ್ಚು ಹಾರುವುದರಿಂದ ಮತ್ತೆ ಹಿಂದಕ್ಕೆ ಬರಬೇಕಾಗುವುದು. ಸೈಕಲ್ ಕಲಿಯುವ ಹುಡುಗನು ಎಡಕ್ಕೆ ವಾಲಿದಾಗ ಬಲಕ್ಕೆ ಅತಿಯಾಗಿ ತಿರುಗಿಸಿ, ಮತ್ತೆ ಎಡಕ್ಕೆ ಅತಿಯಾಗಿ ತಿರುಗಿಸಿ, ಹಾವಿನಂತೆ ಹೋಗುವನಲ್ಲವೆ? ಅದೇ ಇದು.

ಅನಂತರ ಕೀಲುಗಳ ಸವಕಳಿ. ಇಲ್ಲಿ ಒಂದು ವಿವೇಕವು ಬೇಕು. ಚಾಲಕನ ಕೈಪಿಡಿಗೂ ಸ್ಪ್ರಿಂಗಿಗೂ ನಡುವೆ ಇರುವ ಸಡಿಲದಿಂದ ಕೈಪಿಡಿಯ ಸ್ಥಾನ ಬದಲಾಗುವುದೇ ಹೊರತು ಎಂಜಿನು ತೂಗಾಡದು. ಗುಂಡುಗಳಿಗೂ ರ‍್ಯಾಕಿಗೂ ನಡುವೆ ಇರುವ ಸಡಿಲವು, ಕೂದಲೆಳೆಯಷ್ಟಿದ್ದರೂ, ತೂಗಾಟಕ್ಕೆ ಕಾರಣವಾಗುವುದು. ನಮ್ಮ ಮೇಸ್ತ್ರಿಗಳು ಹೊರಗೆ ಕಾಣುವ ಮೊದಲನೆಯ ಸಡಿಲವನ್ನು ಸರಿಪಡಿಸಿ, ಕಾಣದಿರುವ ಎರಡನೆಯದನ್ನು ಬಿಟ್ಟುಬಿಡುವರು. ಮುಚ್ಚಳವನ್ನು ತೆಗೆದರೆ ಅದು ಕಾಣುವುದು. ಗುಂಡುಗಳು ಆಡುವ ಪಿನ್ನುಗಳು ಒಂದು ಪಕ್ಕಕ್ಕೆ ಸವೆದಿರುವುವು. ಗುಂಡಿನ ಕಾಲ್ಬೆರಳು, ಎಂದರೆ ಬೇರಿಂಗನ್ನು ಒತ್ತುವ ಉಬ್ಬಾದ ತುದಿ, ಸವೆದು ಚಪ್ಪಟೆಯಾಗಿರುವುದು. ಬೇರಿಂಗಿನಲ್ಲಿ ಗುಳಿ ಬಿದ್ದಿರುವುದು. ಚಪ್ಪಟೆಯಾದುದನ್ನು ಅರದಿಂದ ಉಜ್ಜಿ ಗುಂಡಗೆ ಮಾಡುವುದು ಬಲು ಪ್ರಚಾರದಲ್ಲಿರುವ ದುರಭ್ಯಾಸ. ಅದರಿಂದ ಮೇಲಿನ ಗಟ್ಟಿ ಪದರವು ಹೋಗಿ, ತುದಿಯು ಮೊದಲಿಗಿಂತ ಬೇಗ ಸವೆಯುತ್ತದೆ. ಎರಡು ಗುಂಡುಗಳ ತೂಕವೂ ಸಮವಾಗಿರದು. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ಸ್ಪ್ರಿಂಗನ್ನು ಎಳೆದು ಉದ್ದಮಾಡುವುದು ಇನ್ನೂ ಕೆಟ್ಟದ್ದು. ಆ ಸ್ಪ್ರಿಂಗು ಬರಿಯ ಬಿಗಿಯಲ್ಲ, ಒಂದು ಮಾಪಕವೆಂದೇ ತಿಳಿಯಬೇಕು. ಎಳೆದ ಸ್ಪ್ರಿಂಗು ತಿದ್ದಿದ ತಕ್ಕಡಿ.

ಎಲ್ಲವನ್ನೂ ತೊಳೆದು, ಎಣ್ಣೆ ಹಾಕಿ, ರ‍್ಯಾಕಿನ ಮಿತಿಯನ್ನು ಅಳತೆಯಿಂದ ಕೂಡಿಸಿದ ಮೇಲೆ ಎಂಜಿನನ್ನು ಹೊರಡಿಸುವ ಮುನ್ನ ಒಂದು ಕೆಲಸ ಮರೆಯತಕ್ಕದ್ದಲ್ಲ. ಗಾಳಿ ಒಳಹೋಗುವ ಬಾಯಿಗೆ ಸರಿಯಾಗಿ ಮುಚ್ಚುವ ಒಂದು ಗಟ್ಟಿ ಹಲಗೆಯನ್ನು ಹಿಡಿದು ಒಬ್ಬನು ಸಿದ್ಧನಾಗಿ ನಿಂತಿರಬೇಕು. ಎಂಜಿನು ಹಿಡಿತ ತಪ್ಪಿದರೆ ಗಾಳಿಯನ್ನು ಕಟ್ಟಿಹಾಕುವುದೊಂದೇ ನಂಬತಕ್ಕ ಉಪಾಯ. ಏಕೆಂದರೆ ಒಮ್ಮೊಮ್ಮೆ ಅದು ಡೀಸೆಲನ್ನು ಬಿಟ್ಟು ತನ್ನ ಹೊಟ್ಟೆಯ ಕೀಲೆಣ್ಣೆಯನ್ನೇ ಕುಡಿದು ಓಡುವುದು, ಆಗ ಗವರ್ನರು ಎಷ್ಟು ಎಣ್ಣೆ ತಡೆದರೂ ವ್ಯರ್ಥ. ಹಲಗೆಯ ಬದಲು ಅಂಗೈಯನ್ನು ಒಡ್ಡುವವನು ಕೈಯನ್ನು ಕಳೆದುಕೊಳ್ಳುವನು. ಅನಂತರ ಮೇಲುವೇಗವನ್ನು ಅಳೆಯಬೇಕು. ಕಿವಿಯಿಂದಲ್ಲ, ಸುತ್ತೆಣಿಸುವ ಉಪಕರಣದಿಂದ. ಭಾರವಿಲ್ಲದಾಗಿನ ವೇಗವು ಪೂರ್ಣಭಾರದ ವೇಗಕ್ಕಿಂತ ಸ್ವಲ್ಪ ಹೆಚ್ಚಾಗಿರುವುದು ಸಹಜ. ಆ ಅಂತರವಿದ್ದರೇನೇ ಗವರ್ನರು ಸ್ಥಿರವಾಗಿ ನಿಲ್ಲುವುದು. ಅದನ್ನು ದೋಷವೆಂದು ತಿಳಿದು ತಿರುಪು ತಿರುಗಿಸಿದವನು ಮತ್ತೆ ಹಂಟಿಂಗನ್ನು ಕರೆದುಕೊಂಡು ಬರುವನು. ಹಳೆಯ ಕ್ಯಾಟರ್‌ಪಿಲ್ಲರುಗಳಲ್ಲಿ ದೊಡ್ಡ ಎಂಜಿನನ್ನು ಹೊರಡಿಸಲು ಪೋನಿ ಎಂಬ ಪುಟ್ಟ ಪೆಟ್ರೋಲ್ ಎಂಜಿನು ಬೇರೆ ಉಂಟು, ಅದಕ್ಕೂ ತನ್ನದೇ ಗವರ್ನರು ಉಂಟು. ಅದರ ಮಾತು ಇಲ್ಲಿ ಬೇಡ.

ಈ ನಾಲ್ಕು ಕಂಡಿಕೆಗಳಲ್ಲಿ ವಾಚಕರಿಗೆ ತಿಳಿಯದ ವಾಕ್ಯ ಯಾವುದು? ರ‍್ಯಾಕು, ಸ್ಪ್ರಿಂಗು, ಬೇರಿಂಗು ಎಂಬ ಶಬ್ದಗಳು ಬಂದಿವೆಯೆಂದು ಮೂಗು ಮುರಿಯುವವರಿಗೆ ನನ್ನ ವಿಜ್ಞಾಪನೆ ಇಷ್ಟೆ: ಸಂಸ್ಕೃತದಿಂದ ಹೊಸ ಶಬ್ದಗಳನ್ನು ಟಂಕಿಸುವುದು ನನಗೆ ಕಷ್ಟದ ಕೆಲಸವಲ್ಲ, ಒಂದು ಸಂಜೆಯಲ್ಲಿ ನಲವತ್ತು ಮಾಡಿಕೊಡಬಲ್ಲೆನು. ಆದರೆ ಆ ನಾಣ್ಯಗಳು ಯಾವ ಸಂತೆಯಲ್ಲಿ ಚಲಾವಣೆಯಾಗುವುವು? ಗ್ಯಾರೇಜಿನ ಹುಡುಗನಿಗೆ ಸ್ಪ್ರಿಂಗು ಕನ್ನಡ ಶಬ್ದವೇ. ರೂಢಿಯು ಯೋಗಾರ್ಥಕ್ಕಿಂತ ಬಲವತ್ತರವೆಂದು ನಮ್ಮ ಶಾಸ್ತ್ರಕಾರರೇ ಒಪ್ಪಿರುವರು.

ಸಾಹಿತ್ಯವಲ್ಲವೆಂಬ ಮಾತಿಗೆ ಉತ್ತರವು ನಮ್ಮ ಪೂರ್ವಕವಿಗಳಲ್ಲಿಯೇ ಇದೆ. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ಲೋಕೋಪಕಾರವನ್ನು ಬರೆದು, ಅದರಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದು ಇವನ್ನೆಲ್ಲ ಪದ್ಯದಲ್ಲಿ ಹೇಳಿದನು. ಚಾಳುಕ್ಯ ವಂಶದ ಕೀರ್ತಿವರ್ಮನು ರಾಜಕುಮಾರನಾಗಿದ್ದೂ ಗೋವೈದ್ಯವನ್ನು ರಚಿಸಿದನು. ರಾಜಾದಿತ್ಯನು ಹನ್ನೆರಡನೆಯ ಶತಮಾನದಲ್ಲಿ ವ್ಯವಹಾರಗಣಿತವನ್ನೂ, ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯದ ಖಗೇಂದ್ರಮಣಿದರ್ಪಣವನ್ನೂ ಬರೆದರು. ಇವರನ್ನೆಲ್ಲ ನಾವು ಕವಿಚರಿತೆಯಲ್ಲಿ ಸೇರಿಸಿ ಹೆಮ್ಮೆಪಡುತ್ತೇವೆ. ಎತ್ತಿನ ರೋಗವನ್ನು ಕನ್ನಡದಲ್ಲಿ ಬರೆದರೆ ಸಾಹಿತ್ಯ, ಎತ್ತಿನ ಬದಲು ನಿಂತ ಟ್ರ್ಯಾಕ್ಟರಿನ ರೋಗವನ್ನು ಬರೆದರೆ ಅಸಾಹಿತ್ಯ, ಇದು ಯಾವ ಮೀಮಾಂಸೆ? ಹತ್ತಿರದ ಕಾಲಕ್ಕೆ ಬಂದರೆ, ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸ್ನೇಹಿತರೂ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದ ಕೈಯೇ ಅದನ್ನೂ ನಡೆಸಿತು. ಅದು ಎರಡು ವರ್ಷಕ್ಕೆ ನಿಂತುಹೋಯಿತೆಂಬುದು ನಮ್ಮ ಹಿಂದಿನವರ ಉದಾಸೀನಕ್ಕೆ ಸಾಕ್ಷಿಯೇ ಹೊರತು ಆ ಪ್ರಯತ್ನದ ದೋಷಕ್ಕಲ್ಲ.

ಇನ್ನೊಂದು ವರ್ಗದವರು ಬೇರೆ ಮಾತನ್ನಾಡುವರು: "ಹಳೆಯ ಯಂತ್ರವನ್ನು ಗುಜರಿಗೆ ಹಾಕಿ, ಹೊಸದರಲ್ಲಿ ಗವರ್ನರಿನ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡುವುದು." ಹೊಸ ಯಂತ್ರವು ಡೀಸೆಲನ್ನು ಮಿತವಾಗಿ ಬಳಸುವುದೆಂಬುದನ್ನೂ ಹೊಗೆ ಕಡಿಮೆಯೆಂಬುದನ್ನೂ ನಾನು ಒಪ್ಪುವೆನು. ಆದರೆ ಹೊಸ ಡೋಜರಿನ ಬೆಲೆಯನ್ನು ತೆರಲು ಶಕ್ತಿಯುಳ್ಳ ರೈತನು ಎಷ್ಟು ಊರಿಗೆ ಒಬ್ಬನು? ಅದು ಕೆಟ್ಟುನಿಂತ ದಿನ, ಕಂಪನಿಯವನು ತನ್ನ ಪೆಟ್ಟಿಗೆಯನ್ನು ತಂದು ತಂತಿ ಜೋಡಿಸುವವರೆಗೆ, ಹೊಲದ ನಡುವೆ ಕೈಕಟ್ಟಿ ಕುಳಿತಿರಬೇಕು. ಈ ಪರಾಧೀನತೆಯನ್ನು ತಾಳಲಾರದೆಯೇ ಅಮೆರಿಕದ ರೈತರು ಹೋರಾಡಿದರು. ಕೊಲೊರಾಡೊ ಸಂಸ್ಥಾನವು 2023ರಲ್ಲಿ ಶಾಸನಮಾಡಿ, ಕೃಷಿಯಂತ್ರಗಳ ದುರಸ್ತಿಗೆ ಬೇಕಾದ ಪುಸ್ತಕ, ಬಿಡಿಭಾಗ, ಉಪಕರಣಗಳನ್ನು ತಯಾರಕರು ರೈತನಿಗೂ ಹೊರಗಿನ ಮೆಕ್ಯಾನಿಕನಿಗೂ ಒದಗಿಸಬೇಕೆಂದು 2024ರ ಜನವರಿ 1ರಿಂದ ವಿಧಿಸಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕಿನ ವಿಚಾರಕ್ಕೆ ಒಂದು ಸಮಿತಿಯನ್ನು ರಚಿಸಿ, ವ್ಯವಸಾಯದ ಉಪಕರಣಗಳನ್ನೂ ಅದರ ಪರಿಶೀಲನೆಗೆ ಸೇರಿಸಿತು. ಒಳ್ಳೆಯದೇ. ಆದರೆ ನಾಳೆ ಆ ಹಕ್ಕಿನಿಂದ ದೊರೆಯುವ ಪುಸ್ತಕವು ಯಾವ ಭಾಷೆಯಲ್ಲಿರುವುದು? ಓದಲಾಗದ ಪುಸ್ತಕದ ಮೇಲಿನ ಹಕ್ಕು ಹುರಿದ ಬೀಜದ ಮೇಲಿನ ಹಕ್ಕಿನಂತೆ.

"ಮೇಸ್ತ್ರಿಯ ವಿದ್ಯೆ ಕೈಯಲ್ಲಿದೆ, ಅವನಿಗೆ ಪುಸ್ತಕವೇಕೆ?" ಎಂಬ ಮಾತನ್ನು ಮಾತ್ರ ನಾನು ಸಹಾನುಭೂತಿಯಿಂದ ಕೇಳುತ್ತೇನೆ. ರ‍್ಯಾಕು ತಡೆಯಿಲ್ಲದೆ ಜಾರುವುದೆಂದರೆ ಎಷ್ಟು ಸಲೀಸೆಂಬುದನ್ನು ನನ್ನ ಶಿಷ್ಯನ ಬೆರಳು ಬಲ್ಲುದು, ನನ್ನ ಲೇಖನಿ ಅರಿಯದು. ಆದರೆ ವೈದ್ಯನ ನಾಡೀಜ್ಞಾನವೂ ಕೈಯದೇ ಅಲ್ಲವೆ? ಅದಕ್ಕಾಗಿ ಚರಕಸುಶ್ರುತರು ಗ್ರಂಥ ಬರೆಯದೆ ಬಿಟ್ಟರೆ? ತಂತಿ ಕಟ್ಟಿದ ಆ ಮೇಸ್ತ್ರಿಯ ಕೈಯಲ್ಲಿಯೂ ನೈಪುಣ್ಯಕ್ಕೆ ಕೊರತೆಯಿರಲಿಲ್ಲ. ಕಟ್ಟು ಬಹಳ ಅಚ್ಚುಕಟ್ಟಾಗಿತ್ತು.

ಗವರ್ನರಿನ ಅಧ್ಯಾಯದ ಕನ್ನಡ ಪ್ರತಿಯು ನನ್ನಲ್ಲಿ ಸಿದ್ಧವಾಗಿದೆ. ಸಂಪಾದಕರು ತಿಂಗಳಿಗೆ ಮೂರು ಪುಟಗಳನ್ನು ಬಿಟ್ಟುಕೊಟ್ಟರೆ ಆರು ಸಂಚಿಕೆಗಳಲ್ಲಿ ಮುಗಿಯುವುದು. ಅನಂತರ ಎಣ್ಣೆಯ ಪಂಪಿನ ಅಧ್ಯಾಯವನ್ನು ತೊಡಗಬಹುದು. ಚಿತ್ರಗಳಿಲ್ಲದೆ ಗುಂಡಿನ ಕಾಲ್ಬೆರಳಿನ ಸವಕಳಿಯನ್ನು ತಿಳಿಸುವುದು ಕಷ್ಟ. ನಮ್ಮ ಸದಸ್ಯರಲ್ಲಿ ರೇಖಾಚಿತ್ರ ಬರೆಯಬಲ್ಲ ಚಿತ್ರೋಪಾಧ್ಯಾಯರು ಇಬ್ಬರಿರುವರು. ಅವರಲ್ಲಿ ಒಬ್ಬರು ಒಂದು ಭಾನುವಾರ ಗ್ಯಾರೇಜಿಗೆ ಬರಲು ಒಪ್ಪಿದರೆ, ಬಿಚ್ಚಿದ ಗವರ್ನರೊಂದನ್ನು ತೊಳೆದು ಮೇಜಿನ ಮೇಲೆ ಇಡಿಸುವ ಹೊಣೆ ನನ್ನದು.